ಬಂಜೆಗೆ ಪುಲ್ಲಿಂಗವಿಲ್ಲ: ಬೆಂಗಳೂರಿನ ಸಂತಾನವಿಜ್ಞಾನದ ಚರಿತ್ರೆಯಲ್ಲೊಂದು ಪ್ರಶ್ನೆ

ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಗಂಡಸನ್ನು ಸೂಚಿಸುವ ಪದ ಪುಲ್ಲಿಂಗ, ಹೆಂಗಸನ್ನು ಸೂಚಿಸುವ ಪದ ಸ್ತ್ರೀಲಿಂಗ, ಉಳಿದುದು ನಪುಂಸಕ. 13ನೆಯ ಶತಮಾನದ ವೈಯಾಕರಣ ಕೇಶಿರಾಜನಿಂದ ಇಂದಿನ ಶಾಲಾ ವ್ಯಾಕರಣದವರೆಗೂ ಈ ನೆಲೆ ಬದಲಾಗಿಲ್ಲ. ಆದ್ದರಿಂದ ಮನುಷ್ಯರನ್ನು ಕುರಿತ ಪದಗಳಿಗೆ ಸಾಮಾನ್ಯವಾಗಿ ಜೋಡಿ ದೊರೆಯುತ್ತದೆ: ಅರಸ–ಅರಸಿ, ಕುರುಡ–ಕುರುಡಿ, ಕಿವುಡ–ಕಿವುಡಿ. ಆದರೆ ‘ಬಂಜೆ’ ಎಂಬ ಪದಕ್ಕೆ ಜೋಡಿಯಿಲ್ಲ.

ಸಂಸ್ಕೃತದ ‘ವಂಧ್ಯಾ’ ಶಬ್ದದ ತದ್ಭವ ‘ಬಂಜೆ’. ಮೂಲದಲ್ಲಿ ‘ವಂಧ್ಯ’ ಎಂಬುದು ವಿಶೇಷಣ. ಫಲವಿಲ್ಲದ್ದು ಎಂಬರ್ಥದಲ್ಲಿ ಮೂರು ಲಿಂಗಗಳಲ್ಲಿಯೂ ನಡೆಯುತ್ತದೆ. ಕನ್ನಡದ ಆಡುನುಡಿ ಅದರಿಂದ ಸ್ತ್ರೀರೂಪವೊಂದನ್ನೇ ಎತ್ತಿಕೊಂಡು ತನ್ನದಾಗಿಸಿಕೊಂಡಿತು. ‘ಷಂಡ’ ಎಂಬ ಪದವಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಅದು ಕೂಡುವ ಶಕ್ತಿಯಿಲ್ಲದವನನ್ನು ಹೇಳುತ್ತದೆ. ದಾಂಪತ್ಯದಲ್ಲಿ ಯಾವ ಕೊರತೆಯೂ ಇಲ್ಲದೆ, ವೀರ್ಯದಲ್ಲಿ ಮಾತ್ರ ಸಂತಾನಶಕ್ತಿಯಿಲ್ಲದ ಗಂಡಸಿಗೆ ಕನ್ನಡದಲ್ಲಿ ಹೆಸರೇ ಇಲ್ಲ. ಇಂದಿನ ಪತ್ರಿಕೆಗಳೂ ಆಸ್ಪತ್ರೆಗಳ ಫಲಕಗಳೂ ‘ಪುರುಷ ಬಂಜೆತನ’ ಎಂಬ ವಿಚಿತ್ರ ಸಮಾಸವನ್ನು ಕಟ್ಟಿಕೊಂಡು ಕೆಲಸ ಸಾಗಿಸುತ್ತಿವೆ.

ಇದು ಶಾಸ್ತ್ರದ ಅಜ್ಞಾನದಿಂದ ಬಂದ ಕೊರತೆಯಲ್ಲ. ಆಯುರ್ವೇದ ಗ್ರಂಥಗಳು ಶುಕ್ರದೋಷ, ಆರ್ತವದೋಷ ಎರಡನ್ನೂ ಹೇಳುತ್ತವೆ. ಸುಶ್ರುತಸಂಹಿತೆಯ ಶಾರೀರಸ್ಥಾನ ಇವೆರಡನ್ನೂ ಒಂದೇ ಅಧ್ಯಾಯದಲ್ಲಿ ವಿಚಾರಿಸುತ್ತದೆ. 12ನೆಯ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ ಮೊದಲಾದ ಕೃತಿಗಳ ಮೂಲಕ ವೈದ್ಯಶಾಸ್ತ್ರ ಕನ್ನಡಕ್ಕೂ ಇಳಿದುಬಂದಿತ್ತು. ಶಾಸ್ತ್ರಕ್ಕೆ ತಿಳಿದಿದ್ದರೂ ಲೋಕ ಅದನ್ನು ಒಪ್ಪಲಿಲ್ಲ. ಮಕ್ಕಳಾಗದಿದ್ದರೆ ಹೊಣೆ ಹೆಣ್ಣಿನದು, ಮಕ್ಕಳು ಹೆಚ್ಚಾದರೆ ತಡೆಯುವ ಹೊಣೆಯೂ ಹೆಣ್ಣಿನದೇ. ಆಧುನಿಕ ಸಂತಾನವಿಜ್ಞಾನ ಈ ಹೊಣೆಯನ್ನು ಇಬ್ಬರಿಗೂ ಹಂಚಿತೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಬೆಂಗಳೂರಿನ ಚರಿತ್ರೆಯೇ ಸಾಕಷ್ಟು ಸಾಮಗ್ರಿಯನ್ನು ಒದಗಿಸುತ್ತದೆ. ಆ ಚರಿತ್ರೆಯ ಮೊದಲ ಪುಟ ಕಲಾಸಿಪಾಳ್ಯದ ನೆರೆಯಲ್ಲಿದೆ.

ಕೋಟೆಯ ಬದಿಯ ಆಸ್ಪತ್ರೆ

ಕಲಾಸಿಪಾಳ್ಯ ಇಂದು ಬಸ್ಸು, ಲಾರಿ, ಸರಕು ಸಾಗಣೆಗಳ ಗದ್ದಲಕ್ಕೆ ಹೆಸರಾದ ಪ್ರದೇಶ. ಅದಕ್ಕೂ ಹಳೆಯ ಕೋಟೆಗೂ ನಡುವಿನ ಜಾಗದಲ್ಲಿ ವಿಕ್ಟೋರಿಯಾ ಆಸ್ಪತ್ರೆ, ವಾಣಿವಿಲಾಸ ಆಸ್ಪತ್ರೆಗಳು ನಿಂತಿವೆ. ಸುತ್ತಲಿನ ತಾಲೂಕುಗಳಿಂದ ಬಸ್ಸಿಳಿದ ಬಸುರಿ ಹೆಂಗಸು ತಾಯಿಯ ಕೈಹಿಡಿದು ನಡೆದೇ ತಲುಪುವಷ್ಟು ಸಮೀಪದಲ್ಲಿ ಸರ್ಕಾರದ ಈ ಹೆರಿಗೆ ಆಸ್ಪತ್ರೆಯಿದೆ. 1895ರಿಂದ 1902ರವರೆಗೆ ಮಗನ ಪರವಾಗಿ ಮೈಸೂರು ರಾಜ್ಯವನ್ನಾಳಿದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದು ‘ವಾಣಿವಿಲಾಸ ಸನ್ನಿಧಾನ’. ಅವರ ಆಡಳಿತದ ಕಾಲದಲ್ಲಿ ಕಟ್ಟಿದ ವಿಕ್ಟೋರಿಯಾ ಆಸ್ಪತ್ರೆಯನ್ನು 1900ರ ಡಿಸೆಂಬರಿನಲ್ಲಿ ವೈಸರಾಯ್ ಕರ್ಜನ್ ಉದ್ಘಾಟಿಸಿದರು. ಮಹಾರಾಣಿಯವರ ಹೆಸರನ್ನು ಹೊತ್ತ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ 1935ರಲ್ಲಿ ಅದರ ಪಕ್ಕದಲ್ಲೇ ತಲೆಯೆತ್ತಿತು.

ಅದಕ್ಕೆ ಐದು ವರ್ಷ ಮೊದಲು, 1930ರ ಜೂನ್ ತಿಂಗಳಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, ಮೈಸೂರು ಸರ್ಕಾರ ತನ್ನ ಮುಖ್ಯ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿತ್ತು. ಸರ್ಕಾರವೊಂದು ತಾನಾಗಿ ಮುಂದೆ ಬಂದು ಇಂಥ ಚಿಕಿತ್ಸಾಲಯಗಳನ್ನು ತೆರೆದ ಮೊದಲ ನಿದರ್ಶನ ಇದೆಂದು ಜನಸಂಖ್ಯಾಚರಿತ್ರೆಯನ್ನು ಬರೆದವರು ಗುರುತಿಸಿದ್ದಾರೆ. ಈ ಕ್ರಮದ ಹಿರಿಮೆ ತಿಳಿಯಬೇಕಾದರೆ ಆ ಕಾಲದ ಹೊರಲೋಕವನ್ನು ನೋಡಬೇಕು. ನ್ಯೂಯಾರ್ಕಿನಲ್ಲಿ 1916ರಲ್ಲಿ ಮಾರ್ಗರೆಟ್ ಸ್ಯಾಂಗರ್ ತೆರೆದ ಚಿಕಿತ್ಸಾಲಯವನ್ನು ಪೊಲೀಸರು ಕೆಲವೇ ದಿನಗಳಲ್ಲಿ ಮುಚ್ಚಿಸಿದ್ದರು. ಆಕೆ ಸೆರೆವಾಸವನ್ನೂ ಅನುಭವಿಸಬೇಕಾಯಿತು. 1921ರಲ್ಲಿ ಲಂಡನ್ನಿನಲ್ಲಿ ಮೇರಿ ಸ್ಟೋಪ್ಸ್ ತೆರೆದದ್ದು ಖಾಸಗಿ ಪ್ರಯತ್ನ. ಅದೇ ವರ್ಷ ಮುಂಬಯಿಯಲ್ಲಿ ಚಿಕಿತ್ಸಾಲಯ ಆರಂಭಿಸಿದ ರ. ಧೋ. ಕರ್ವೆಯವರು ಸಂತಾನ ನಿಯಂತ್ರಣದ ಪ್ರಚಾರಕ್ಕಾಗಿ ಕಾಲೇಜಿನ ಅಧ್ಯಾಪಕ ಹುದ್ದೆಯನ್ನೇ ಕಳೆದುಕೊಂಡರು. ಬೇರೆಡೆ ವ್ಯಕ್ತಿಗಳು ಅಪಮಾನಕ್ಕೆ ಗುರಿಯಾಗುತ್ತಿದ್ದ ಕಾರ್ಯಕ್ಕೆ ಮೈಸೂರಿನಲ್ಲಿ ರಾಜಮುದ್ರೆ ದೊರೆಯಿತು.

ಈ ಚಿಕಿತ್ಸಾಲಯಗಳ ನೆನಪು ಬೆಂಗಳೂರಿನಲ್ಲಿ ವಾಣಿವಿಲಾಸದೊಂದಿಗೂ ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆಯೊಂದಿಗೂ ಬೆಸೆದುಕೊಂಡಿದೆ. ಎರಡೂ ಹೆಂಗಸರ ಆಸ್ಪತ್ರೆಗಳು. ಪದೇ ಪದೇ ಬಸುರಾಗಿ ಸೊರಗಿ ಸಾಯುತ್ತಿದ್ದ ತಾಯಂದಿರನ್ನು ಉಳಿಸಬೇಕೆಂಬ ಕಾಳಜಿ ನಿಜವಾದದ್ದು. ಆದರೆ ಮೊದಲ ಹೆಜ್ಜೆಯಲ್ಲೇ ಒಂದು ದಾರಿ ನಿಶ್ಚಯವಾಗಿಬಿಟ್ಟಿತು: ಸಂತಾನದ ವಿಷಯ ಹೆಂಗಸರ ಆಸ್ಪತ್ರೆಯ ವಿಷಯ. ಗಂಡ ಆ ಬಾಗಿಲಿನ ಹೊರಗೆ ಕಾಯುವವನು.

ಆಗಿನ ವಿಜ್ಞಾನವೂ ಇನ್ನೂ ಎಳೆಯದು. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡಾಶಯದಿಂದ ಅಂಡ ಹೊರಬೀಳುತ್ತದೆ ಎಂಬುದನ್ನು ಜಪಾನಿನ ಒಗಿನೊ, ಆಸ್ಟ್ರಿಯದ ಕ್ನೌಸ್ ಬೇರೆಬೇರೆಯಾಗಿ ಕಂಡುಕೊಂಡದ್ದು 1920ರ ದಶಕದಲ್ಲಿ. ಹೆಣ್ಣಿನ ಹಾರ್ಮೋನಾದ ಈಸ್ಟ್ರೋನ್ ಶುದ್ಧರೂಪದಲ್ಲಿ ದೊರೆತದ್ದು 1929ರಲ್ಲಿ. ಗಂಡಿನ ಟೆಸ್ಟೋಸ್ಟೆರೋನ್ ಬೆಳಕಿಗೆ ಬಂದದ್ದು 1935ರಲ್ಲಿ. ಮೈಸೂರಿನ ಆದೇಶ ಹೊರಟಾಗ ವೈದ್ಯರ ಬಳಿಯಿದ್ದದ್ದು ಕೆಲವು ಸರಳ ಸಾಧನಗಳು ಮತ್ತು ಒಂದಿಷ್ಟು ಸಲಹೆ ಮಾತ್ರ.

1935ರ ಡಿಸೆಂಬರಿನಲ್ಲಿ ಸ್ಯಾಂಗರ್ ವಾರ್ಧಾಕ್ಕೆ ಬಂದು ಗಾಂಧೀಜಿಯವರೊಂದಿಗೆ ಚರ್ಚಿಸಿದರು. ಕೃತಕ ಸಾಧನಗಳನ್ನು ಗಾಂಧೀಜಿ ಒಪ್ಪಲಿಲ್ಲ, ಸಂಯಮವೇ ಮಾರ್ಗವೆಂದರು. ಆ ನಿಲುವನ್ನು ಒಪ್ಪದವರೂ ಗಮನಿಸಬೇಕಾದ ಅಂಶವೊಂದು ಅದರಲ್ಲಿದೆ. ಗಂಡನಿಗೆ ಬೇಡವೆನ್ನುವ ಧೈರ್ಯವನ್ನು ಹೆಂಡತಿ ಕಲಿಯಬೇಕು ಎಂದು ಅವರು ಹೇಳಿದಾಗ, ಗಂಟು ಎಲ್ಲಿ ಬಿದ್ದಿದೆ ಎಂಬುದನ್ನು ಅವರು ಸರಿಯಾಗಿಯೇ ಗುರುತಿಸಿದ್ದರು.

ರಾಮನಗರದ ಮಣಿಮಾಲೆ

ಸ್ವಾತಂತ್ರ್ಯಾನಂತರ ಭಾರತ ಸರ್ಕಾರ ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಕುಟುಂಬ ಯೋಜನೆಗೆ 65 ಲಕ್ಷ ರೂಪಾಯಿ ತೆಗೆದಿರಿಸಿತು. ಆ ದಿನಗಳಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಭಾರತಕ್ಕೆ ಬಂದರು. ದಿನ ಎಣಿಸಿ ದೂರವಿರುವ ಪದ್ಧತಿಯನ್ನು ಜನ ಅನುಸರಿಸುವರೇ ಎಂದು ಪರೀಕ್ಷಿಸಲು ಎರಡು ಜಾಗಗಳನ್ನು ಆರಿಸಲಾಯಿತು. ಒಂದು ದೆಹಲಿಯ ಲೋದಿ ಕಾಲೊನಿ, ಇನ್ನೊಂದು ಬೆಂಗಳೂರಿಗೆ ಸಮೀಪದ ರಾಮನಗರ.

ಓದು ಬಾರದ ಹೆಂಗಸರಿಗೆ ದಿನ ಎಣಿಸುವುದನ್ನು ಕಲಿಸುವ ಬಗೆ ಹೇಗೆ? ಈ ಪ್ರಯೋಗಕ್ಕಾಗಿ ಬಣ್ಣದ ಮಣಿಗಳ ಮಾಲೆಯೊಂದು ಹುಟ್ಟಿಕೊಂಡಿತು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿ ಬಂದರೆ ನಿರಾತಂಕದ ದಿನ, ಕೆಂಪು ಬಂದರೆ ಎಚ್ಚರದ ದಿನ. ಒಗಿನೊ, ಕ್ನೌಸರ ಸಂಶೋಧನೆ ಹೀಗೆ ಕೊರಳ ಹಾರದ ರೂಪ ತಳೆದು ಹಳ್ಳಿಮನೆಗಳ ಒಳಗೆ ಬಂದಿತು. ಪ್ರಯೋಗ ನಿರೀಕ್ಷಿಸಿದ ಫಲ ಕೊಡಲಿಲ್ಲ. ಎಲ್ಲರ ಋತುಚಕ್ರವೂ ಒಂದೇ ಅಳತೆಯದಲ್ಲ. ಅನಾರೋಗ್ಯ, ಬಾಣಂತನ, ದುಡಿಮೆಗಳಿಂದ ಅದು ಏರುಪೇರಾಗುತ್ತದೆ. ಇದು ಜೀವಶಾಸ್ತ್ರದ ಕಾರಣ. ಇನ್ನೊಂದು ಕಾರಣ ಸಂಸಾರದೊಳಗಿನದು. ಮಣಿ ಎಣಿಸುವವಳು ಹೆಂಡತಿ, ರಾತ್ರಿಯ ತೀರ್ಮಾನ ಗಂಡನದು. ಕೆಂಪು ಮಣಿ ಬಂದ ದಿನ ಬೇಡವೆನ್ನುವ ಅಧಿಕಾರವನ್ನು ಆ ಮಾಲೆ ಕೊಡಲಿಲ್ಲ.

ಇದೇ ವೇಳೆಗೆ, 1951–52ರಲ್ಲಿ, ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಕೂಡಿ ಬೆಂಗಳೂರು ನಗರವನ್ನೂ ಮೈಸೂರು ರಾಜ್ಯದ ಊರು ಹಳ್ಳಿಗಳನ್ನೂ ಒಳಗೊಂಡ ಸಮೀಕ್ಷೆಯೊಂದನ್ನು ನಡೆಸಿದವು. 1961ರಲ್ಲಿ ಪ್ರಕಟವಾದ ಈ ‘ಮೈಸೂರು ಜನಸಂಖ್ಯಾ ಅಧ್ಯಯನ’ ಜಗತ್ತಿನ ಜನಸಂಖ್ಯಾಶಾಸ್ತ್ರಜ್ಞರಿಗೆ ಇಂದಿಗೂ ಪರಿಚಿತ. ಹಳ್ಳಿಯ ಜನ ಮಕ್ಕಳನ್ನು ದೇವರ ಕೊಡುಗೆಯೆಂದಷ್ಟೇ ಬಗೆದು ಸುಮ್ಮನಿರುತ್ತಾರೆ ಎಂಬ ನಂಬಿಕೆಯನ್ನು ಅದು ಅಲುಗಿಸಿತು. ಮಕ್ಕಳ ಸಂಖ್ಯೆ ಮಿತಿಯಲ್ಲಿರಬೇಕೆಂಬ ಬಯಕೆ ಹಳ್ಳಿಗಳಲ್ಲೂ ಇತ್ತು, ಉಪಾಯ ತಿಳಿದಿರಲಿಲ್ಲ.

ಆ ತಿಳಿವಳಿಕೆಯನ್ನು ಕನ್ನಡದ ಓದುಗಿತ್ತಿಯರಿಗೆ ಅವರದೇ ನುಡಿಯಲ್ಲಿ ಮುಟ್ಟಿಸಿದ ಕೀರ್ತಿ ವೈದ್ಯೆಯೂ ಕಾದಂಬರಿಗಾರ್ತಿಯೂ ಆದ ಅನುಪಮಾ ನಿರಂಜನ ಅವರದು. ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ಯಂಥ ಪುಸ್ತಕಗಳು ಹಿರಿಯರ ಎದುರು ಕೇಳಲಾಗದ ಪ್ರಶ್ನೆಗಳಿಗೆ ಸಂಕೋಚವಿಲ್ಲದ ಉತ್ತರ ಕೊಟ್ಟವು.

ಗಂಡಿನ ಕಡೆಗೆ ಹೊಣೆ ತಿರುಗಿದ ಕಾಲವೂ ಒಂದಿತ್ತು. ಅದು ತಿರುಗಿದ ರೀತಿ ಮಾತ್ರ ಕ್ರೂರ. ತುರ್ತುಪರಿಸ್ಥಿತಿಯ 1976–77ರಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಮಿಕ್ಕಿ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ 60 ಲಕ್ಷಕ್ಕಿಂತ ಹೆಚ್ಚು ಗಂಡಸರ ಮೇಲೆ. ಬಲಾತ್ಕಾರದ ಕಹಿ ಜನಮನದಲ್ಲಿ ಉಳಿಯಿತು. ಮುಂದಿನ ಸರ್ಕಾರಗಳು ಗಂಡಸರ ಗೊಡವೆಯನ್ನೇ ಬಿಟ್ಟು ಹೆಂಗಸರ ಕಡೆಗೆ ಹೊರಳಿದವು. ಗಂಡಸಿನದು ಸುಲಭವಾದ, ಅಪಾಯ ಕಡಿಮೆಯಿರುವ ಶಸ್ತ್ರಚಿಕಿತ್ಸೆ. ಹಾಗಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ವಿವಾಹಿತ ದಂಪತಿಗಳಲ್ಲಿ ಹೆಂಡತಿಗೆ ಶಸ್ತ್ರಚಿಕಿತ್ಸೆಯಾದವರು ಶೇ. 37.9, ಗಂಡನಿಗೆ ಆದವರು ಶೇ. 0.3.

ಯಶವಂತಪುರದ ಹಾದಿಯ ಪ್ರಯೋಗಾಲಯ

ಕಲಾಸಿಪಾಳ್ಯದಿಂದ ಮಲ್ಲೇಶ್ವರವನ್ನು ದಾಟಿ ಯಶವಂತಪುರದತ್ತ ಸಾಗಿದರೆ ಭಾರತೀಯ ವಿಜ್ಞಾನ ಸಂಸ್ಥೆ ಸಿಗುತ್ತದೆ. ಅಲ್ಲಿ 20ನೆಯ ಶತಮಾನದ ಉತ್ತರಾರ್ಧದಲ್ಲಿ ಎನ್. ಆರ್. ಮೌದ್ಗಲ್ ಅವರು ಸಂತಾನಶಕ್ತಿಯನ್ನು ನಿಯಂತ್ರಿಸುವ ಹಾರ್ಮೋನುಗಳ ಅಧ್ಯಯನದ ಒಂದು ಪರಂಪರೆಯನ್ನೇ ಕಟ್ಟಿದರು. ಅವರ ಸಂಶೋಧನೆಯ ಒಂದು ಮುಖ್ಯ ಎಳೆ ಗಂಡಸಿಗಾಗಿ ಗರ್ಭನಿರೋಧಕ ಲಸಿಕೆಯನ್ನು ರೂಪಿಸುವುದಾಗಿತ್ತು.

ಅದರ ಹಿಂದಿನ ತರ್ಕ ಸುಂದರವಾದದ್ದು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಎರಡು ಹಾರ್ಮೋನುಗಳನ್ನು ಕಳುಹಿಸುತ್ತದೆ. ಎಲ್‌ಎಚ್ ಎಂಬುದು ಟೆಸ್ಟೋಸ್ಟೆರೋನ್ ತಯಾರಿಸುವ ಕೋಶಗಳನ್ನು ಪ್ರಚೋದಿಸುತ್ತದೆ. ಗಡ್ಡ, ದನಿ, ಸ್ನಾಯು, ಕಾಮ ಇವೆಲ್ಲ ಅದಕ್ಕೆ ಸೇರಿದ ವಿಷಯ. ಎಫ್‌ಎಸ್‌ಎಚ್ ಎಂಬುದು ಬೆಳೆಯುತ್ತಿರುವ ವೀರ್ಯಾಣುಗಳನ್ನು ಪೋಷಿಸುವ ಸರ್ಟೋಲಿ ಕೋಶಗಳ ಮೇಲೆ ಕೆಲಸ ಮಾಡುತ್ತದೆ. ಎರಡನೆಯದನ್ನು ಮಾತ್ರ ತಡೆದರೆ ಗಂಡಸುತನಕ್ಕೆ ಧಕ್ಕೆಯಿಲ್ಲದೆ ವೀರ್ಯಾಣುಗಳಷ್ಟೇ ಕುಗ್ಗಬೇಕು. ಅದಕ್ಕಾಗಿ ಕುರಿಯ ಎಫ್‌ಎಸ್‌ಎಚ್ ಅನ್ನು ಲಸಿಕೆಯಾಗಿ ಬಳಸಲಾಯಿತು. ದೇಹ ಅದನ್ನು ಪರಕೀಯವೆಂದು ಗುರುತಿಸಿ ಪ್ರತಿಕಾಯಗಳನ್ನು ಹುಟ್ಟಿಸುತ್ತದೆ. ಆ ಪ್ರತಿಕಾಯಗಳು ದೇಹದ್ದೇ ಎಫ್‌ಎಸ್‌ಎಚ್ ಅನ್ನೂ ಹಿಡಿದು ನಿಷ್ಕ್ರಿಯಗೊಳಿಸುತ್ತವೆ.

ಪ್ರಯೋಗಕ್ಕೆ ಒದಗಿದ್ದು ನಮ್ಮ ಊರುಗಳ ಮಾಳಿಗೆಯ ಮೇಲೆ ಓಡಾಡುವ ಕೋತಿಯ ಜಾತಿಯೇ. ಲಸಿಕೆ ಪಡೆದ ಗಂಡು ಕೋತಿಗಳಲ್ಲಿ ವೀರ್ಯಾಣುಗಳ ಸಂಖ್ಯೆಯೂ ಗುಣವೂ ಇಳಿದು ಅವು ಸಂತಾನ ಪಡೆಯಲಾರದಾದವು. ಟೆಸ್ಟೋಸ್ಟೆರೋನ್ ಮಟ್ಟ ಹಾಗೆಯೇ ಉಳಿಯಿತು. ಲಸಿಕೆಯ ಪ್ರಭಾವ ಇಳಿದಾಗ ಸಂತಾನಶಕ್ತಿ ಮರಳಿತು. ಇದೇ ಸಂಸ್ಥೆಯ ಪಿ. ಆರ್. ಅಡಿಗ ಅವರು ಕೋಳಿಮೊಟ್ಟೆಯಲ್ಲಿ ರೈಬೊಫ್ಲೇವಿನ್ ಜೀವಸತ್ವವನ್ನು ಹೊತ್ತೊಯ್ಯುವ ಪ್ರೋಟೀನಿನ ಬೆನ್ನುಹತ್ತಿ, ಸಸ್ತನಿಗಳ ಭ್ರೂಣಕ್ಕೂ ಅಂಥ ಪ್ರೋಟೀನ್ ಬೇಕೆಂದು ತೋರಿಸಿದರು. ಅದು ಗರ್ಭನಿರೋಧದ ಮತ್ತೊಂದು ದಾರಿಯನ್ನು ಸೂಚಿಸಿತು.

1997 ಈ ಚರಿತ್ರೆಯ ತಿರುವಿನ ವರ್ಷ. ಮೌದ್ಗಲ್ ಮತ್ತು ಸಂಗಡಿಗರು ಐವರು ಪುರುಷ ಸ್ವಯಂಸೇವಕರಿಗೆ ಲಸಿಕೆ ಕೊಟ್ಟ ಮೊದಲ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದರು. ದೇಹದಲ್ಲಿ ಪ್ರತಿಕಾಯಗಳು ಹುಟ್ಟಿದ್ದವು, ಅಪಾಯ ಕಂಡಿರಲಿಲ್ಲ. ಅದೇ ವರ್ಷ ಹೊರದೇಶಗಳಿಂದ ಎರಡು ವರದಿಗಳು ಬಂದವು. ಎಫ್‌ಎಸ್‌ಎಚ್ ಇಲ್ಲದಂತೆ ತಳಿಮಾರ್ಪಾಟು ಮಾಡಿದ ಗಂಡು ಇಲಿಗಳು ಮರಿಗಳನ್ನು ಪಡೆದವು. ಫಿನ್‌ಲೆಂಡಿನಲ್ಲಿ, ಹುಟ್ಟಿನಿಂದಲೇ ಈ ಹಾರ್ಮೋನಿಗೆ ಸ್ಪಂದಿಸದ ಐವರು ಗಂಡಸರಲ್ಲಿ ವೀರ್ಯೋತ್ಪತ್ತಿ ಕುಗ್ಗಿದ್ದರೂ ಪೂರ್ಣವಾಗಿ ನಿಂತಿರಲಿಲ್ಲ. ಕೆಲವರು ತಂದೆಯರೂ ಆಗಿದ್ದರು. ಕೋತಿ ಹೇಳಿದ ಮಾತನ್ನು ಇಲಿಯೂ ಮನುಷ್ಯನೂ ಪೂರ್ತಿಯಾಗಿ ಅನುಮೋದಿಸಲಿಲ್ಲ. ವೀರ್ಯಾಣು ಒಂದೂ ಉಳಿಯದಂತೆ ಮಾಡುವ ಭರವಸೆಯಿಲ್ಲದೆ ಅದನ್ನು ಗರ್ಭನಿರೋಧಕವೆಂದು ಜನರ ಕೈಗಿಡಲಾಗದು. ಲಸಿಕೆ ಪ್ರಯೋಗಾಲಯದಿಂದ ಔಷಧದ ಅಂಗಡಿಗೆ ಬರಲಿಲ್ಲ.

ಆದರೆ ಅದನ್ನು ಸೋಲೆಂದು ತಳ್ಳಿಹಾಕುವುದು ಉಚಿತವಲ್ಲ. ಗರ್ಭನಿರೋಧಕ್ಕೆ ಗಂಡಸಿನ ದೇಹವನ್ನೂ ಅಷ್ಟೇ ಆಳವಾಗಿ ಅಭ್ಯಸಿಸಬೇಕೆಂಬ ನಿಲುವನ್ನು ಬೆಂಗಳೂರಿನ ಒಂದು ಪ್ರಯೋಗಾಲಯ ದಶಕಗಳ ಕಾಲ ಹಿಡಿದು ನಡೆಸಿತು. 1930ರ ಆದೇಶ ಕೇಳದೆ ಬಿಟ್ಟ ಪ್ರಶ್ನೆಯನ್ನು ಅದು ಕೇಳಿತು.

ಹೊಸ ಜ್ಞಾನ, ಹಳೆಯ ಭಾರ

ಈಚಿನ ದಶಕಗಳಲ್ಲಿ ಸಂತಾನವಿಜ್ಞಾನ ವೇಗವಾಗಿ ಬೆಳೆದಿದೆ. 1978ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಜನಿಸಿತು. ಅದೇ ವರ್ಷ ಕಲ್ಕತ್ತೆಯಲ್ಲಿ ಸುಭಾಷ್ ಮುಖರ್ಜಿಯವರ ಪ್ರಯತ್ನವೂ ಫಲಿಸಿತು. 1992ರಲ್ಲಿ ಬ್ರಸೆಲ್ಸಿನ ವೈದ್ಯರು ಒಂದೇ ಒಂದು ವೀರ್ಯಾಣುವನ್ನು ಸೂಕ್ಷ್ಮ ಸೂಜಿಯಿಂದ ಅಂಡದೊಳಗೆ ಸೇರಿಸುವ ವಿಧಾನದಿಂದ ಗರ್ಭ ನಿಂತುದನ್ನು ವರದಿ ಮಾಡಿದರು. ಇಕ್ಸಿ ಎಂದು ಕರೆಯಲಾಗುವ ಈ ವಿಧಾನ ವೀರ್ಯಾಣು ತೀರ ಕಡಿಮೆಯಿರುವ ಗಂಡಸರಿಗೆ ವರವಾಯಿತು. ಗಂಡಸಿನ ವೈ ವರ್ಣತಂತುವಿನಲ್ಲಿ ಕೆಲವು ತುಣುಕುಗಳು ಇಲ್ಲದಿದ್ದರೆ ವೀರ್ಯಾಣುಗಳೇ ಉಂಟಾಗದಿರಬಹುದು ಎಂಬುದೂ ತಿಳಿದುಬಂತು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತದೆ ಎಂಬುದು ಇಂದು ವೈದ್ಯಕೀಯದ ಸಾಮಾನ್ಯ ಜ್ಞಾನ.

ಇಲ್ಲಿಯೇ ವಿಪರ್ಯಾಸವಿದೆ. ದೋಷ ಗಂಡನಲ್ಲಿದ್ದು ಇಕ್ಸಿ ಮಾಡಬೇಕಾದಾಗಲೂ ದಿನದಿನ ಹಾರ್ಮೋನಿನ ಚುಚ್ಚುಮದ್ದು ತೆಗೆದುಕೊಳ್ಳುವವಳು ಹೆಂಡತಿ. ಅರಿವಳಿಕೆಗೆ ಒಳಗಾಗಿ ಅಂಡಗಳನ್ನು ತೆಗೆಸಿಕೊಳ್ಳುವವಳೂ, ಭ್ರೂಣ ನಿಲ್ಲದಿದ್ದಾಗ ‘ನನ್ನಿಂದಲೇ ಆಗಲಿಲ್ಲ’ ಎಂದು ಕೊರಗುವವಳೂ ಅವಳೇ. ಗಂಡಿನ ಕೊರತೆಗೆ ಹೆಣ್ಣಿನ ದೇಹದಲ್ಲಿ ಚಿಕಿತ್ಸೆ ನಡೆಯುತ್ತದೆ.

ಗರ್ಭನಿರೋಧದಲ್ಲಿಯೂ ಹೀಗೆಯೇ. ಗಂಡಸರಿಗೆ ಹಾರ್ಮೋನಿನ ಚುಚ್ಚುಮದ್ದು ಕೊಟ್ಟ ಅಂತರರಾಷ್ಟ್ರೀಯ ಪರೀಕ್ಷೆಯೊಂದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಔಷಧ ಪರಿಣಾಮಕಾರಿಯಾಗಿತ್ತು, ಮನಸ್ಸಿನ ಏರುಪೇರು ಮೊದಲಾದ ಅಡ್ಡಪರಿಣಾಮಗಳ ಕಾರಣ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಲಾಗಿತ್ತು. ಹೆಂಗಸರು 1960ರಿಂದ ನುಂಗುತ್ತ ಬಂದಿರುವ ಗುಳಿಗೆಗಳಿಗೂ ಅಂಥ ಪರಿಣಾಮಗಳುಂಟು. ಹೆಣ್ಣಿಗೆ ಬಸಿರಿನ ಅಪಾಯವೇ ದೊಡ್ಡದು, ಅದರೆದುರು ಗುಳಿಗೆಯ ಅಪಾಯ ಚಿಕ್ಕದು. ಗಂಡಿಗೆ ಬಸಿರಿನ ಅಪಾಯವಿಲ್ಲ, ಆದ್ದರಿಂದ ಅವನ ಔಷಧಕ್ಕೆ ಬಿಗಿಯಾದ ಅಳತೆಗೋಲು ಎಂಬುದು ವಿಜ್ಞಾನಿಗಳ ಸಮಾಧಾನ. ಈ ವಾದವನ್ನು ತಳ್ಳಿಹಾಕಲಾಗದು. ಆದರೆ ಗಂಡ ಹೆಂಡಿರನ್ನು ಎರಡು ಬಿಡಿ ದೇಹಗಳಾಗಿ ನೋಡಿದಾಗ ಮಾತ್ರ ಅದು ಪೂರ್ಣವೆನಿಸುತ್ತದೆ. ಸಂಸಾರವನ್ನು ಒಂದು ಘಟಕವಾಗಿ ನೋಡಿದರೆ ತಕ್ಕಡಿಯ ತೂಕ ಬೇರೆಯಾಗುತ್ತದೆ.

ಆಶಾದಾಯಕ ಸಂಗತಿಯೂ ಇದೆ. ಸುಜಯ್ ಗುಹಾ ಅವರು ರೂಪಿಸಿದ, ವೀರ್ಯನಾಳಕ್ಕೆ ಒಂದು ಬಾರಿ ಚುಚ್ಚುವ ಪಾಲಿಮರ್ ಔಷಧದ ಮೂರನೆಯ ಹಂತದ ಪರೀಕ್ಷೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 303 ಗಂಡಸರಲ್ಲಿ ಪೂರೈಸಿ 2023ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಅದು ಹಾರ್ಮೋನಲ್ಲ; ಗಂಭೀರ ಅಡ್ಡಪರಿಣಾಮಗಳು ಕಾಣಲಿಲ್ಲ; ಗರ್ಭ ನಿಲ್ಲದಂತೆ ತಡೆಯುವಲ್ಲಿ ಶೇ. 99ರಷ್ಟು ಪರಿಣಾಮಕಾರಿಯೆಂದು ಕಂಡಿತು. ಬೆಂಗಳೂರಿನಲ್ಲಿ ಮೌದ್ಗಲ್ ಅವರು ಹಾರ್ಮೋನಿನ ಹಾದಿಯಲ್ಲಿ ಅರಸಿದ ಗುರಿಗೆ ಬೇರೊಂದು ಹಾದಿ ಸಮೀಪಿಸುತ್ತಿದೆ.

ಕಲಾಸಿಪಾಳ್ಯದ ನೆರೆಯಲ್ಲಿ ಆರಂಭವಾದ ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವುದು ಇದು: ಜ್ಞಾನ ಬೆಳೆದಾಗಲೆಲ್ಲ ಭಾರ ತಾನಾಗಿ ಹಂಚಿಹೋಗುವುದಿಲ್ಲ. 1930ರ ಆದೇಶ, ರಾಮನಗರದ ಮಣಿಮಾಲೆ, ಇಂದಿನ ಇಕ್ಸಿ ಮೂರೂ ಆಯಾ ಕಾಲದ ಮುಂದುವರಿದ ಜ್ಞಾನವೇ. ಮೂರರಲ್ಲೂ ಎಣಿಸುವವಳು, ಚುಚ್ಚಿಸಿಕೊಳ್ಳುವವಳು, ನೋಯುವವಳು ಹೆಣ್ಣೇ. ಭಾರ ಹಂಚಬೇಕೆಂದು ಯಾರಾದರೂ ನಿರ್ಧರಿಸಬೇಕಾಗುತ್ತದೆ.

ಆ ನಿರ್ಧಾರ ದೊಡ್ಡ ಪ್ರಯೋಗಾಲಯದಲ್ಲೇ ಆಗಬೇಕೆಂದಿಲ್ಲ. ಮಕ್ಕಳಾಗಿಲ್ಲವೆಂದು ದಂಪತಿಗಳು ವೈದ್ಯರ ಬಳಿಗೆ ಹೋದಾಗ ಮಾಡಬಹುದಾದ ಪರೀಕ್ಷೆಗಳಲ್ಲಿ ಅತ್ಯಂತ ಸುಲಭವಾದದ್ದು, ಖರ್ಚು ಕಡಿಮೆಯದು, ಯಾವ ನೋವೂ ಇಲ್ಲದ್ದು ಗಂಡನ ವೀರ್ಯದ ಪರೀಕ್ಷೆ. ಅದೇ ಎಷ್ಟೋ ಮನೆಗಳಲ್ಲಿ ಕೊನೆಯದಾಗಿ, ಹೆಂಡತಿಗೆ ಹತ್ತು ಪರೀಕ್ಷೆ, ಇಪ್ಪತ್ತು ಹರಕೆಗಳು ಮುಗಿದ ಮೇಲೆ ನಡೆಯುತ್ತದೆ; ಕೆಲವು ಮನೆಗಳಲ್ಲಿ ನಡೆಯುವುದೇ ಇಲ್ಲ. ಅದು ಮೊದಲ ಪರೀಕ್ಷೆಯಾದ ದಿನ ‘ಬಂಜೆ’ಗೆ ಪುಲ್ಲಿಂಗ ಹುಡುಕುವ ಅಗತ್ಯವೂ ಇರುವುದಿಲ್ಲ. ಆ ಪದವೇ ನಿಘಂಟಿನಲ್ಲಿ ಹಳೆಯ ಪದವಾಗಿ ಉಳಿದೀತು.